ಕಾಯಿ ಮುಟ್ಟದ ಕೈ

ಬ್ಯಾಡಗಿಯಲ್ಲಿ ಹನ್ನೆರಡು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಓಣಿ ಓಣಿ ತಿರುಗುತ್ತಿದ್ದೇನೆ. ನನ್ನ ಹೆಸರು ಮೀನಾಕ್ಷಿ. ಹೆಂಗಸರು ನನಗೆ ಹೇಳದೆ ಬಿಟ್ಟ ಸಂಗತಿ ಕಡಿಮೆ. ಗಂಡ ಕುಡಿದು ಬಂದದ್ದು, ಅತ್ತೆ ಅಂದದ್ದು, ನಾದಿನಿ ಹೊಸ ಸೀರೆ ಉಟ್ಟುಕೊಂಡು ಹೋಗಿ ಹರಿದು ತಂದದ್ದು, ಎಲ್ಲ ನನ್ನ ಕಿವಿಗೆ ಬಿದ್ದಿವೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ಸಿಡುಕಿದ್ದೂ ಇದೆ. ಅದರಿಂದ ನನಗೊಂದು ಸೊಕ್ಕು ಬಂದಿತ್ತು. ನನ್ನ ಬಸುರಿಯರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಆ ಸೊಕ್ಕು ಇಳಿಸಿದವಳು ನಾಗಲಕ್ಷ್ಮಿ. ಅವಳ ಕತೆಯನ್ನು ಅವಳ ಒಪ್ಪಿಗೆಯಿಂದಲೇ ಹೇಳುತ್ತಿದ್ದೇನೆ. "ಹೆಸರು ಹಚ್ಚೇ ಹೇಳ್ರಿ ಅಕ್ಕಾರ, ನಾಚಿಕಿ ಎಲ್ಲಾ ಆವತ್ತ ಉರದು ಹೋಗೇತಿ," ಅಂದಳು.

ನಾಗಲಕ್ಷ್ಮಿ ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನವಳು. ಅಪ್ಪ ದುರಗಪ್ಪ ಗೋವಿನಜೋಳ ಬೆಳೆಯುವ ರೈತ. ಅವಳು ಆರನೇ ಇಯತ್ತೆಯಲ್ಲಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಅಪ್ಪನಿಗೂ ತಮ್ಮನಿಗೂ ರೊಟ್ಟಿ ಬಡಿದಿಟ್ಟು ಶಾಲೆಗೆ ಓಡಿದವಳು ಅವಳು. ಮೈನೆರೆದಾಗ ಹೇಳಿಕೊಳ್ಳಲು ಮನೆಯಲ್ಲಿ ಹೆಣ್ಣು ದಿಕ್ಕೇ ಇರಲಿಲ್ಲ. ಜ್ವರ ಬಂದಿದೆ ಅಂತ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳಂತೆ. ಕೊನೆಗೆ ಪಕ್ಕದ ಮನೆಯ ಮುದುಕಿ ಬಂದು ನೋಡಿ ತಿಳಿದುಕೊಂಡಳು. ಮೈಗೆ ಏನಾದರೂ ಆದರೆ ಬಾಯಿ ಮುಚ್ಚಿಕೊಂಡು ತಾಳಿಕೊಳ್ಳಬೇಕು ಅನ್ನುವ ಪಾಠವನ್ನು ಆ ಹುಡುಗಿ ಅಷ್ಟು ಬೇಗ ಕಲಿತಳು.

ಮದುವೆಯಾಗಿ ನಮ್ಮೂರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಚನ್ನೇಶ ಟಂಟಂ ಗಾಡಿಯಲ್ಲಿ ಮಾರುಕಟ್ಟೆಯಿಂದ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಾನೆ. ಒಳ್ಳೆಯವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಚೌಡವ್ವನೇ ಆಡಿ ಮುಗಿಸುತ್ತಾಳೆ. ಚೌಡವ್ವ ಮಾತಾಡಿದರೆ ರೇಲ್ವೆ ಸ್ಟೇಶನ್ನಿನ ಆಚೆಗೂ ಕೇಳಿಸುತ್ತದೆ. ಆದರೆ ಸೊಸೆ ಬಂದ ಮೊದಲ ವಾರವೇ ನನಗೆ ಹೇಳಿದ್ದಳು: "ತಾಯಿ ಇಲ್ಲದ ಕೂಸು ಐತಿ ಮೀನಾಕ್ಷಿ. ನಾನಾ ಉಣಿಸಿ ಬೆಳಸ್ತೇನಿ."

ನಮ್ಮೂರಿನಲ್ಲಿ ಕಾಯಿ ಅಂದರೆ ಒಂದೇ, ಮೆಣಸಿನಕಾಯಿ. ಅದರ ತೊಟ್ಟಿಗೆ ತುಂಬು ಅನ್ನುತ್ತೇವೆ. ದಲಾಲರ ಅಂಗಡಿಗಳ ಮುಂದೆ ಕಾಯಿ ಸುರುವಿ, ಸುತ್ತ ಹೆಂಗಸರು ಕೂತು ಬೆಳಗಿನಿಂದ ಸಂಜೆಯವರೆಗೆ ತುಂಬು ಬಿಡಿಸುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಹೊರಗಿನವರು ದೊಡ್ಡದಾಗಿ ಹೇಳುತ್ತಾರೆ. ಅವರೊಂದು ದಿನ ಬಂದು ಕೂತು ಬಿಡಿಸಲಿ, ಆಮೇಲೆ ಹೇಳಲಿ. ಮೇಲಾಗಿ ಇಲ್ಲಿಗೆ ಬರುವುದು ಒಂದೇ ತಳಿಯಲ್ಲ, ಗುಂಟೂರು ಕಾಯಿಯೂ ಬರುತ್ತದೆ. ಸಂಜೆ ಎಣ್ಣೆ ಹಚ್ಚಿ ತಿಕ್ಕಿ, ಸಾಬೂನು ಹಾಕಿ ತೊಳೆದರೂ ಬೆರಳ ಸಂದಿನ ಖಾರ ಹೋಗುವುದಿಲ್ಲ. ಆ ಕೈಯನ್ನು ಯಾರೂ ಕಣ್ಣಿನ ಹತ್ತಿರ ಒಯ್ಯುವುದಿಲ್ಲ. ಕೂಸಿದ್ದವರು ಕೂಸಿನ ಮುಖ ತೊಳೆಯುವುದನ್ನು ಮನೆಯಲ್ಲಿ ಬೇರೆಯವರಿಗೆ ಬಿಡುತ್ತಾರೆ.

ನಾಗಲಕ್ಷ್ಮಿ ಸೇರಿದ್ದು ಖತೀಜಾಬಿಯ ಗುಂಪನ್ನು. ಖತೀಜಾಬಿ ನಲವತ್ತು ವರ್ಷದಿಂದ ತುಂಬು ಬಿಡಿಸುತ್ತಿರುವವಳು. ಅವಳ ಬೆರಳ ತುದಿಗಳು ಕಾಯಿಯ ಬಣ್ಣಕ್ಕೇ ತಿರುಗಿವೆ. ತನ್ನ ಮೂರು ಮಕ್ಕಳಲ್ಲಿ ಒಂದಕ್ಕೂ ಅವಳು ಕಣ್ಣಿಗೆ ಸುರ್ಮಾ ಹಚ್ಚಿದವಳಲ್ಲ. ಹಚ್ಚಿದ್ದೆಲ್ಲ ಗಂಡ ರಹಿಮಾನಸಾಬನೇ. ಅವಳ ಗುಂಪಿನಲ್ಲಿ ಇಪ್ಪತ್ತು ಹೆಂಗಸರು. ಖತೀಜಾಬಿಯ ಬಾಯಿ ಜೋರು, ಕರುಳು ಮೆತ್ತಗೆ. ಅವಳು "ಬೇಟಿ" ಅಂದರೆ ಕೆಲಸ ಹೇಳುತ್ತಾಳೆ ಅಂತ ಅರ್ಥ. ನಾಗಲಕ್ಷ್ಮಿ ಅವಳನ್ನು ಚಾಚಿ ಅನ್ನುತ್ತಿದ್ದಳು. ಆರೇ ತಿಂಗಳಲ್ಲಿ ಗುಂಪಿನಲ್ಲೇ ಚುರುಕು ಕೈ ಅನ್ನಿಸಿಕೊಂಡಳು.

ಬಸುರಾಗಿ ಏಳು ತಿಂಗಳು ತುಂಬಿದಾಗ ಚೌಡವ್ವ ಸೊಸೆಗೆ ಕುಬಸ, ಅಂದರೆ ಸೀಮಂತ, ಮಾಡಿದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ತಲೆ ತುಂಬ ಹೂ ಮುಡಿಸಿ ಕುರ್ಚಿಯಲ್ಲಿ ಕೂರಿಸಿದಳು. ಒಬ್ಬೊಬ್ಬರೇ ಬಂದು ಉಡಿ ತುಂಬಿ ಆರತಿ ಮಾಡಿದೆವು. ಮೂರು ತಾಸು ಆ ಹುಡುಗಿ ಕುರ್ಚಿಯ ಮೇಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ ಕೂತಿದ್ದಳು. ಈಗ ಫೋಟೋ ತೆಗೆದು ನೋಡಿದರೆ ಒಂದರಲ್ಲೂ ನೆಟ್ಟಗೆ ಕೂತಿಲ್ಲ. "ಹುಡುಗಿಗೆ ನಾಚಿಕಿ ನೋಡ್ರಿ" ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೊತ್ತಿಗಾಗಲೇ ಅವಳಿಗೆ ಮೂಲವ್ಯಾಧಿ ಶುರುವಾಗಿ ಹದಿನೈದು ದಿನವಾಗಿತ್ತು.

ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳುವ ಮಾತಲ್ಲ, ಅತ್ತೆಗೆ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ, ನಾನು ಸಿಡುಕುತ್ತೇನೆ. ಹೀಗೆ ಲೆಕ್ಕ ಹಾಕಿ ಅವಳು ತನಗೆ ತಾನೇ ಒಂದು ಉಪಾಯ ಮಾಡಿಕೊಂಡಳು. ಸಂಡಾಸಕ್ಕೆ ಹೋಗುವುದೆಂದರೆ ಗಾಜು ತುಳಿದ ಹಾಗೆ ಆಗುತ್ತಿತ್ತು. ಹೋಗುವುದೇ ತಪ್ಪಬೇಕಾದರೆ ಉಣ್ಣುವುದು ಕಡಿಮೆ ಆಗಬೇಕು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಮಾರುಕಟ್ಟೆಯಲ್ಲಿ ಏಳುವ ಪ್ರಸಂಗವೇ ಬೇಡ ಅಂತ ನೀರು ಕುಡಿಯುವುದನ್ನೂ ಬಿಟ್ಟಳು. ನಾನು ಕೊಟ್ಟ ರಕ್ತದ ಗುಳಿಗೆಯಿಂದ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನಿಸಿ ಅದನ್ನೂ ನಿಲ್ಲಿಸಿದಳು. ಕೂತು ಮಾಡುವ ಕೆಲಸವನ್ನು ಮೊಣಕಾಲೂರಿ ಮಾಡತೊಡಗಿದಳು. ಕೇಳಿದವರಿಗೆ ಹೊಟ್ಟೆ ಅಡ್ಡ ಬರುತ್ತದೆ ಅಂದಳು.

ನಾನು ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದೆ. ಕಾಲು ಬಾತಿವೆಯಾ, ಕಣ್ಣು ಮಂಜಾಗುತ್ತವೆಯಾ, ಕೂಸು ಹೊರಳಾಡುತ್ತದೆಯಾ, ಗುಳಿಗೆ ತಗೊಂಡೆಯಾ. ಅವಳು ಎಲ್ಲಕ್ಕೂ ಬೇಕಾದ ಉತ್ತರವನ್ನೇ ಕೊಡುತ್ತಿದ್ದಳು. ಗುಳಿಗೆಯ ಖಾಲಿ ಹಾಳೆ ತೋರಿಸುತ್ತಿದ್ದಳು. ನಾನು ತಾಯಿ ಕಾರ್ಡಿನಲ್ಲಿ ಸರಿ ಗುರುತು ಹಾಕಿ ಚಹಾ ಕುಡಿದು ಬರುತ್ತಿದ್ದೆ.

ಚೌಡವ್ವ ಮಾತ್ರ ಒಳಗೇ ಕುದಿಯುತ್ತಿದ್ದಳು. ಒಂದು ದಿನ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದಳು: "ನನ್ನ ಕೈಯಾನ ರೊಟ್ಟಿ ಆಕೀಗೆ ಸೇರಂಗಿಲ್ಲ ನೋಡು. ಬದನೀಕಾಯಿ ಎಣಗಾಯಿ ಮಾಡಿದ್ರ ಒಲ್ಲೆ, ಹೋಳಿಗಿ ಮಾಡಿದ್ರ ಒಲ್ಲೆ. ಗಂಗಾಳ ಸರಿಸಿ ಏಳ್ತಾಳ. ನಾ ಏನರ ವಿಷಾ ಹಾಕೇನೇನ?" ಅವಳ ಕಣ್ಣಲ್ಲಿ ನೀರಿತ್ತು. ಸೊಸೆ ಸೊರಗುತ್ತಿದ್ದದ್ದನ್ನು ಅವಳು ತನಗೆ ಆದ ಅವಮಾನ ಅಂತ ತಿಳಿದುಕೊಂಡಿದ್ದಳು. ಆಮೇಲೆ ಅತ್ತೆ ಸೊಸೆ ಮಾತಾಡುವುದೂ ಕಡಿಮೆಯಾಯಿತು.

ಎಂಟನೇ ತಿಂಗಳ ನಡುವೆ ತಪಾಸಣೆಗೆ ಕರೆದುಕೊಂಡು ಹೋದೆ. ನಮ್ಮ ಆಸ್ಪತ್ರೆಯ ಡಾಕ್ಟರ್ ಹುಮಾ ವಯಸ್ಸಿನಲ್ಲಿ ಚಿಕ್ಕವರು, ಕಣ್ಣು ಮಾತ್ರ ಚೂಪು. ತೂಕದ ಯಂತ್ರ ನೋಡಿದರು, ಕಾರ್ಡು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಏಳನೇ ತಿಂಗಳಲ್ಲಿ ಐವತ್ತೆರಡು ಕಿಲೋ ಇದ್ದವಳು ಐವತ್ತೂವರೆಗೆ ಇಳಿದಿದ್ದಳು. ಒಂಬತ್ತೂವರೆ ಇದ್ದ ರಕ್ತ ಎಂಟಕ್ಕಿಂತ ಕೆಳಗೆ ಬಂದಿತ್ತು.

"ಕೂಸು ಬೆಳೀಬೇಕಾದಷ್ಟು ಬೆಳದಿಲ್ಲ," ಅಂದರು ಹುಮಾ. "ಹೆರಿಗಿ ಹೊತ್ನ್ಯಾಗ ರಕ್ತ ಹೋದ್ರ ಈಕೀ ತಡಕೊಳ್ಳಂಗಿಲ್ಲ. ಹತ್ತು ದಿನ ನೋಡೂಣು. ಸುಧಾರಿಸಲಿಲ್ಲಂದ್ರ ಹಾವೇರಿ ದೊಡ್ಡ ದವಾಖಾನಿಗೆ ಕಳಸ್ತೇನಿ, ಅಲ್ಲೇ ಇಟ್ಕೋತಾರ. ನಾಗಲಕ್ಷ್ಮಿ, ಏನರ ತ್ರಾಸ ಐತೇನು? ಹೇಳು."

ಅವಳು ತಲೆಯಾಡಿಸಿ ಏನೂ ಇಲ್ಲ ಅಂದಳು. ಕೈ ಮಾತ್ರ ಹೊಟ್ಟೆಯ ಮೇಲೆ ಗಟ್ಟಿಯಾಗಿ ಕೂತಿತ್ತು. ಕೂಸಿನ ಮಾತು ಕೇಳಿ ಅವಳಿಗೆ ಎದೆ ಒಡೆದಿತ್ತು ಅಂತ ಆಮೇಲೆ ಹೇಳಿದಳು. ಆದರೂ ನಿಜ ಹೇಳಲು ನಾಚಿಕೆ ಬಿಡಲಿಲ್ಲ.

ಮರುದಿನವೇ ಖತೀಜಾಬಿ ನನ್ನ ಮನೆಗೆ ಬಂದು ಅಂಗೈ ಬಿಚ್ಚಿದಳು. ಅದರಲ್ಲಿ ನಾಲ್ಕು ಕೆಂಪು ಗುಳಿಗೆ. "ತುಂಬು ತುಂಬೂ ಚೀಲದಾಗ ಸಿಕ್ಕಾವು. ಯಾವ ಜಾತಿ ಕಾಯಿ ಬೀಜ ಇದು, ನೀನಾ ಹೇಳವಾ," ಅಂದಳು. ನಾನು ಕೊಟ್ಟ ರಕ್ತದ ಗುಳಿಗೆಗಳೇ ಅವು, ಆ ಗುಂಪಿನಲ್ಲಿ ಬಸುರಿ ಅಂದರೆ ನಾಗಲಕ್ಷ್ಮಿ ಒಬ್ಬಳೇ. ನನಗೆ ಮೈಯೆಲ್ಲ ಉರಿಯಿತು. ನೇರ ಮಾರುಕಟ್ಟೆಗೆ ಹೋಗಿ ಎಲ್ಲರ ಎದುರಿಗೆ ನಾಗಲಕ್ಷ್ಮಿಗೆ ಬೈದೆ. ಕೂಸನ್ನು ಕೊಲ್ಲಬೇಕಂತ ಮಾಡಿದ್ದೀಯಾ ಅಂದೆ. ಯಾಕೆ ಎಸೆದೆ ಅಂತ ಮೆತ್ತಗೆ ಒಂದು ಮಾತು ಕೇಳಿದ್ದರೆ ಅಂದೇ ಎಲ್ಲ ಹೊರಗೆ ಬರುತ್ತಿತ್ತೋ ಏನೋ. ನಾನು ಕೇಳಲಿಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ಆ ಮಾತಿಗಾಗಿ ನಾನು ನಾಚಿದಷ್ಟು ಮತ್ತಾವುದಕ್ಕೂ ನಾಚಿಲ್ಲ.

ಬೈಸಿಕೊಂಡವಳು ಹೆದರಿದಳು. ಉಣ್ಣಲೇಬೇಕು, ಉಣ್ಣಬೇಕಾದರೆ ನೋವು ಹೋಗಬೇಕು, ನೋವು ಹೋಗಬೇಕಾದರೆ ಔಷಧ ಬೇಕು. ಬ್ಯಾಡಗಿಯ ಔಷಧದಂಗಡಿಯಲ್ಲಿ ಕೇಳುವಂತಿಲ್ಲ, ಚನ್ನೇಶನ ಗುರುತಿನವರೇ ಎಲ್ಲ. ಅಪ್ಪನನ್ನು ನೋಡಿ ಬರುತ್ತೇನೆ ಅಂತ ಹೇಳಿ ಆಧಾರ್ ಕಾರ್ಡ್ ಹಿಡಿದುಕೊಂಡು ರಾಣೆಬೆನ್ನೂರು ಬಸ್ಸು ಹತ್ತಿದಳು. ಎಂಟು ತಿಂಗಳ ಬಸುರಿಯನ್ನು ನೋಡಿ ಮೂವರು ಎದ್ದು ಜಾಗ ಕೊಟ್ಟರು. ಇವಳು ಒಲ್ಲೆ ಅಂತ ಕಂಬ ಹಿಡಿದು ನಿಂತಳು.

"ತಂಗೀ, ಕುಂದರವಾ," ಅಂತ ಕಂಡಕ್ಟರ್ ಗೋಗರೆದ. "ಎರಡು ಜೀವ ಅದಿ. ಮಂದಿ ನನಗ ಬೈತಾರ."

"ಕುಂತ್ರ ವಾಂತಿ ಬರ್ತೈತ್ರಿ," ಅಂದಳು. ವಾಂತಿ ಅಂದದ್ದೇ ತಡ, ಹತ್ತಿರವಿದ್ದವರೆಲ್ಲ ಸರಿದು ನಿಲ್ಲಲು ಇನ್ನಷ್ಟು ಜಾಗ ಮಾಡಿಕೊಟ್ಟರು. ರಾಣೆಬೆನ್ನೂರಿನವರೆಗೂ ನಿಂತೇ ಹೋದಳು.

ಅಲ್ಲಿ ಒಂದು ಔಷಧದಂಗಡಿಯ ಮುಂದೆ ಗಂಡಸರೆಲ್ಲ ಕರಗುವವರೆಗೆ ಕಾದು, ಗಾಜಿನ ಕಪಾಟಿಗೆ ಹೇಳುವ ಹಾಗೆ ತಲೆ ಬಗ್ಗಿಸಿ, ಮೂಲವ್ಯಾಧಿಗೆ ಹಚ್ಚುವ ಮುಲಾಮು ಬೇಕು ಅಂದಳು. ಯಾರಿಗೆ ಅಂತ ಅಂಗಡಿಯವನು ಕೇಳಿದ. "ನಮ್ಮ ಮಾವಗ್ರಿ," ಅಂದುಬಿಟ್ಟಳು. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸತ್ತವನ ಹೆಸರಿನಲ್ಲಿ ಮುಲಾಮು ತಗೊಂಡು, ಕುಪ್ಪೇಲೂರಿಗೆ ಹೋಗುವ ಶಕ್ತಿಯಿಲ್ಲದೆ ಮುಂದಿನ ಬಸ್ಸಿಗೆ ತಿರುಗಿ ಬಂದಳು. ಅಪ್ಪ ಆರಾಮ ಇದ್ದಾನೆ ಅಂತ ಮನೆಯಲ್ಲಿ ಸುಳ್ಳು ಹೇಳಿದಳು.

ಮರುದಿನ ಮಂಗಳವಾರ. ಬೆಳಗಿನಿಂದ ಗುಂಟೂರು ಕಾಯಿಯ ರಾಶಿ. ಮುಲಾಮನ್ನು ಮನೆಯಲ್ಲಿ ಬಿಟ್ಟರೆ ಅತ್ತೆಯ ಕೈಗೆ ಸಿಕ್ಕೀತು ಅಂತ ಅವಳು ರವಿಕೆಯೊಳಗೆ ಸಿಕ್ಕಿಸಿಕೊಂಡು ತಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ನೋವು ಏಳಲು ಬಿಡದಷ್ಟು, ಕೂರಲು ಬಿಡದಷ್ಟು ಆಯಿತು. ಸಂಜೆಯವರೆಗೆ ಕಾಯುವುದು ಆಗಲೇ ಇಲ್ಲ. ಎದ್ದು ಹೋಗಿ ಮಾರುಕಟ್ಟೆಯ ಹಿಂದಿನ ಸಂಡಾಸ ಸೇರಿ ಬಾಗಿಲು ಹಾಕಿದಳು. ಕೈಗೆ ಒಂದು ಚೊಂಬು ನೀರು ಸುರಿದುಕೊಂಡಳು ಅಷ್ಟೆ. ಬರಿ ನೀರಿಗೆ ಖಾರ ಹೋಗುವುದಿಲ್ಲ ಅಂತ ನಮ್ಮೂರ ಚಿಕ್ಕ ಹುಡುಗಿಗೂ ಗೊತ್ತು, ಅವಳಿಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಗೊತ್ತಿದ್ದದ್ದೆಲ್ಲ ಮರೆತು ಹೋಯಿತು. ಬೆರಳ ತುದಿಗೆ ಮುಲಾಮು ಹಿಂಡಿಕೊಂಡು ಹಚ್ಚಿದಳು.

ಆ ಕೂಗು ಕೇಳಿ ಹಮಾಲರು ಹೆಗಲ ಮೇಲಿನ ಚೀಲ ಇಳಿಸಿ ಓಡಿದರಂತೆ. ಹೆರಿಗೆ ನೋವು ಅಂತ ಯಾರೋ ಕೂಗಿದರು, ಹಾವು ಅಂತ ಮತ್ತ್ಯಾರೋ ಕೂಗಿದರು. ಖತೀಜಾಬಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ ಬಾಗಿಲು ಬಡಿದಳು. ಒಳಗಿನಿಂದ "ಉರಿ, ಚಾಚೀ, ಉರಿ" ಅಂತ ಅಳು. ಬಾಗಿಲು ತೆಗೆಸಿದಾಗ ಕೆಳಗೆ ಬಿದ್ದಿದ್ದ ಮುಲಾಮಿನ ಕೊಳವೆ ಕಂಡಿತು, ಹುಡುಗಿಯ ಕೆಂಪು ಬೆರಳು ಕಂಡವು. ನಲವತ್ತು ವರ್ಷದ ಅನುಭವ, ಒಂದು ಮಾತೂ ಕೇಳಬೇಕಾಗಲಿಲ್ಲ.

"ಯಾ ಅಲ್ಲಾ! ಗಂಡಸರು ಒಬ್ಬರೂ ಇಲ್ಲಿ ನಿಲ್ಲಬ್ಯಾಡ್ರಿ! ಬಜಿ ಅಂಗಡಿಯಿಂದ ಕಾಯಿಸಲಾರದ ಎಣ್ಣಿ ತರ್ರಿ, ತಂಪು ಹಾಲಿನ ಪಾಕೀಟ ತರ್ರಿ, ಲಗೂ!" ಅಂತ ಅರಚಿದಳು.

ಎಣ್ಣೆ ಬಂತು, ಹಾಲು ಬಂತು. ಹಚ್ಚುವವರು ಯಾರು? ಇಪ್ಪತ್ತು ಹೆಂಗಸರು ಸುತ್ತ ನಿಂತಿದ್ದರು, ಇಪ್ಪತ್ತೂ ಜನರ ಕೈ ಬೆಳಗಿನಿಂದ ಕಾಯಿಯಲ್ಲೇ ಮುಳುಗಿದ್ದವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖತೀಜಾಬಿ ನನಗೆ ಫೋನ್ ಮಾಡಿ, ಉಸಿರು ಬಿಡದೆ ಹೇಳಿದಳು: "ಮೀನಾಕ್ಷಿ, ಓಡಿ ಬಾ. ಇಲ್ಲಿ ಕಾಯಿ ಮುಟ್ಟಲಾರದ ಕೈ ಒಂದೂ ಇಲ್ಲ."

ನಾನು ಹತ್ತಿರದ ಓಣಿಯಲ್ಲೇ ಇದ್ದೆ. ಓಡಿದೆ. ಹೆಂಗಸರು ಬೆನ್ನು ಮಾಡಿ ಗೋಡೆ ಕಟ್ಟಿದ ಹಾಗೆ ನಿಂತು ನಮಗೆ ಮರೆ ಮಾಡಿದರು. ಎಣ್ಣೆ ಹಚ್ಚಿ ಒರೆಸಿದೆ, ಹಾಲಿನಲ್ಲಿ ಬಟ್ಟೆ ಅದ್ದಿ ಇಟ್ಟೆ, ಮತ್ತೆ ಒರೆಸಿದೆ. ಆಗ ಅಲ್ಲಿಯ ಬಾವು ಕಂಡಿತು. ದ್ರಾಕ್ಷಿಯಷ್ಟು ದೊಡ್ಡದು, ನೀಲಿಗಟ್ಟಿದ್ದು. ಇದನ್ನಿಟ್ಟುಕೊಂಡು ಈ ಹುಡುಗಿ ಕಾಯಿ ರಾಶಿಯ ಮುಂದೆ ದಿನಗಟ್ಟಲೆ ಕಳೆದಿದ್ದಳು. ಬಸ್ಸಿನಲ್ಲಿ ನಿಂತು ಹೋಗಿದ್ದಳು. ಎಲ್ಲರ ಎದುರಿಗೆ ನನ್ನಿಂದ ಬೈಸಿಕೊಂಡಿದ್ದಳು.

"ಯಾಕ ಹೇಳಲಿಲ್ಲ?" ಅಂದೆ. ಈ ಸಲ ಸಿಡುಕಲಿಲ್ಲ.

"ನೀವು ಅದನ್ನ ಕೇಳಲೇ ಇಲ್ಲಲ್ರಿ ಅಕ್ಕಾರ," ಅಂದಳು ಬಿಕ್ಕುತ್ತ.

ಅರ್ಧ ತಾಸಿನಲ್ಲಿ ಉರಿ ಇಳಿಯಿತು. ಖತೀಜಾಬಿ ಅವಳನ್ನು ಎಡ ಮಗ್ಗುಲಾಗಿ ಗೋಣಿತಟ್ಟಿನ ಮೇಲೆ ಮಲಗಿಸಿ ತಲೆ ಸವರಲು ಹೋದವಳು, ಕೈಯ ನೆನಪಾಗಿ ಮೊಣಕೈಯಿಂದ ಸವರಿದಳು. ಅದನ್ನು ನೋಡಿ ನಾಗಲಕ್ಷ್ಮಿಗೆ ಅಳುವಿನ ನಡುವೆಯೇ ನಗು ಬಂತು. ಅವಳು ನಕ್ಕದ್ದೇ ತಡ, ಮರೆಯಾಗಿ ನಿಂತಿದ್ದ ಹೆಂಗಸರ ಬಾಯಿ ಬಿಚ್ಚಿತು. ಒಬ್ಬಳು ನನಗೂ ಎರಡನೇದರಲ್ಲಿ ಆಗಿತ್ತು ಅಂದಳು. ಇನ್ನೊಬ್ಬಳು, ನನಗೆ ಈಗಲೂ ಇದೆ ಅಂದಳು. ಖತೀಜಾಬಿ ಮೂರರಲ್ಲೂ ಅನುಭವಿಸಿದ್ದಳು. ಪಕ್ಕಪಕ್ಕದಲ್ಲಿ ವರ್ಷಗಟ್ಟಲೆ ಕೂತು ಊರಿನ ಸುದ್ದಿಯೆಲ್ಲ ಆಡಿದವರು ಇದೊಂದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಅಷ್ಟರಲ್ಲಿ ಚೌಡವ್ವ ಬಂದಳು. ಬರುವಾಗ ಓಣಿ ಎದ್ದು ಕೂರುವ ಹಾಗೆ ಅಳುತ್ತಲೇ ಬಂದಳು. ಹಿಂದೆ ಚನ್ನೇಶ. ನಾನು ಅವಳನ್ನು ಪಕ್ಕಕ್ಕೆ ಕರೆದು ಆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ದನಿ ಇಳಿಯಿತು. ಚೌಡವ್ವನ ದನಿ ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೊಸೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು: "ಹಂಗಾರ ನನ್ನ ರೊಟ್ಟಿ ಸೇರಲಾರದಕ್ಕ ಅಲ್ಲ?"

"ಇಲ್ಲ ಅತ್ತಿ. ನಿಮ್ಮ ಎಣಗಾಯಿ ವಾಸನಿಗೆ ಬಾಯಾಗ ನೀರು ಬರ್ತಿತ್ತು. ಉಂಡ್ರ ಮುಂಜಾನಿ ಹೋಗಬೇಕಲ್ಲ ಅಂತ ಅಂಜಿಕಿ."

ಚೌಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಹೇಳಿದಳು: "ಚನ್ನೇಶ ಹೊಟ್ಟ್ಯಾಗಿದ್ದಾಗ ನನಗೂ ಇದಾ ಆಗಿತ್ತವಾ. ಬೈಲಿಗೆ ಹೋಗೂ ಕಾಲ ಅದು, ಸೆರಗು ಕಡಕೊಂಡು ಕುಂದರ್ತಿದ್ನಿ. ನಮ್ಮವ್ವ ಬಿಸಿನೀರಾಗ ಕುಂದರಸಿ ಆರಾಮ ಮಾಡಿದ್ಲು. ನಿನಗ ಅವ್ವ ಇಲ್ಲ ಅಂತ ನನಗ ಗೊತ್ತಿತ್ತು. ನಾನಾ ಕೇಳಬೇಕಿತ್ತು."

"ನನ್ನ ಸಲುವಾಗಿ ಆಗಿತ್ತಾ?" ಅಂತ ಚನ್ನೇಶ ದೂರದಿಂದ ಕೇಳಿದ. ಇಡೀ ದಿನದಲ್ಲಿ ಅವನಾಡಿದ ಒಂದೇ ಮಾತು.

"ಹೌದಪಾ, ನಿನ್ನ ಸಲುವಾಗಿನ. ಸುಮ್ನ ಗಾಡಿ ತಿರುವು," ಅಂದಳು ತಾಯಿ. ದನಿ ತಿರುಗಿ ಬಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಹುಮಾ ಬೈಯಲಿಲ್ಲ. ಪೂರ್ತಿ ಪರೀಕ್ಷೆ ಮಾಡಿ, ಕೈ ತೊಳೆದು ಬಂದು ಅವಳ ಎದುರಿಗೆ ಕೂತರು. "ದಿನಾ ತುಂಬಿದ ಬಸುರ್ಯಾರಾಗ ಬಹಳ ಮಂದಿಗೆ ಆಗೂದು ಇದು. ಕೂಸಿನ ಭಾರ ಕೆಳಗ ಒತ್ತತೈತಿ, ಅಲ್ಲಿ ರಕ್ತದ ನಾಳ ಉಬ್ಬತಾವು. ನೀ ಉಣ್ಣೂದು, ನೀರು ಕುಡಿಯೂದು ಬಿಟ್ಟಿ, ಅದಕ್ಕ ಮತ್ತಟು ಗಟ್ಟಿ ಆತು, ಮತ್ತಟು ನೋವಾತು. ಹೆರಿಗಿ ಆದಮ್ಯಾಲೆ ಬಹಳ ಮಂದಿಗೆ ತಾನಾ ಇಳೀತೈತಿ. ಆದ್ರ ಯಾವ ಮುಲಾಮನ್ನೂ ನನ್ನ ಕೇಳಲಾರದ ಹಚ್ಚಬ್ಯಾಡ. ರಕ್ತ ಬಿದ್ರ ಮುಚ್ಚಿಡಬ್ಯಾಡ, ಅವತ್ತ ಬಂದು ತೋರಸು."

"ಹೆರಿಗಿ ಸರಳ ಆಗ್ತೈತೇನ್ರಿ? ಕೂಸು?" ಅಂದಳು ನಾಗಲಕ್ಷ್ಮಿ.

"ಉಂಡ್ರ ಕೂಸು ಬೆಳೀತೈತಿ. ಇನ್ನೂ ಐದು ವಾರ ಐತಿ," ಅಂದರು ಹುಮಾ.

ಗುಳಿಗೆಯ ಬದಲು ರ‍ಕ್ತ ಹೆಚ್ಚಿಸುವ ಔಷಧವನ್ನು ಸಲೈನಿನಲ್ಲಿ ಕೊಟ್ಟರು. ಮಲ ಮೆತ್ತಗಾಗಲು ಒಂದು ಔಷಧ, ಹಚ್ಚಲು ಬೇರೆ ಮುಲಾಮು, ದಿನಕ್ಕೆ ಮೂರು ಸಲ ಉಗುರುಬೆಚ್ಚನೆಯ ನೀರಿನಲ್ಲಿ ಕೂರುವುದು, ಎಡ ಮಗ್ಗುಲಾಗಿ ಮಲಗುವುದು. ತುಂಬು ಬಿಡಿಸುವ ಕೆಲಸ ಬಂದ್. ಮನೆಗೆ ಬಂದು, ನೀರಿನಲ್ಲಿ ಕೂರಲು ಟಬ್ಬಿನಂಥ ಅಗಲ ಬುಟ್ಟಿ ಬೇಕು ಅಂದಾಗ ಚೌಡವ್ವ ಹಿತ್ತಿಲಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿ ತರಲು ಎದ್ದಳು. ನಾಗಲಕ್ಷ್ಮಿ ಹೌಹಾರಿದಳು. ಅದರಲ್ಲಿ ಮೂರು ಸುಗ್ಗಿಯ ಕಾಯಿ ತುಂಬಿದ್ದರು. ಸಂಜೆ ಖತೀಜಾಬಿ ಅಂಗಡಿಯಿಂದ ಹೊಚ್ಚ ಹೊಸ ನೀಲಿ ಬುಟ್ಟಿಯನ್ನು ಅದರ ಪ್ಲಾಸ್ಟಿಕ್ ಹಾಳೆ ಸಮೇತ, ಅದನ್ನೂ ತನ್ನ ಕೈಯಿಂದ ಮುಟ್ಟದೆ ರಹಿಮಾನಸಾಬನ ಕೈಯಲ್ಲಿ ಹೊರಿಸಿಕೊಂಡು ತಂದಳು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಮೊದಲ ನಾಲ್ಕು ದಿನ ಸಂಡಾಸದ ಬಾಗಿಲ ಹಿಂದೆ ಅವಳು ಅಳುತ್ತಲೇ ಇದ್ದಳು. ಬಾಗಿಲ ಹೊರಗೆ ಚೌಡವ್ವ ಮಣೆ ಹಾಕಿಕೊಂಡು ಕೂತು ಕಾಗಿನೆಲೆಯ ತನ್ನ ತವರಿನ ಸುದ್ದಿ ಹೇಳುತ್ತಿದ್ದಳು. ಯಾರ ಎಮ್ಮೆ ಈದಿತು, ಯಾರ ಮಗಳಿಗೆ ವರ ಬಂತು. "ತಿಣಕಬ್ಯಾಡ, ಅವಸರ ಮಾಡಬ್ಯಾಡ, ನಾ ಇಲ್ಲೇ ಅದೇನಿ" ಅಂತ ನಡುನಡುವೆ ಅನ್ನುತ್ತಿದ್ದಳು. ಆರನೇ ದಿನ ಒಳಗಿನಿಂದ ಅಳು ಕೇಳಲಿಲ್ಲ. ಅತ್ತೆ ಗಾಬರಿಯಾಗಿ ಬಾಗಿಲು ಬಡಿದರೆ, "ಆ ವರ ಏನಾದಾ ಅತ್ತಿ? ಮುಂದ ಹೇಳ್ರಿ," ಅಂತ ಒಳಗಿನಿಂದ ಸೊಸೆ ಕೇಳಿದಳು. ಈ ಸಂಗತಿಯನ್ನು ಚೌಡವ್ವ ನನಗೆ ಏಳು ಸಲ ಹೇಳಿದ್ದಾಳೆ, ಓಣಿಗೆ ಎಷ್ಟು ಸಲವೋ.

ಆಮೇಲೆ ಅಡಿಗೆಮನೆಯ ರಾಜ್ಯಭಾರವೇ ಬದಲಾಯಿತು. ಮುಂಜಾನೆ ನುಚ್ಚು ಮಜ್ಜಿಗೆ, ಆಮೇಲೆ ಬಾಳೆಹಣ್ಣು, ಮಧ್ಯಾಹ್ನ ಬಿಸಿ ರೊಟ್ಟಿ, ಮೆಂತ್ಯೆ ಸೊಪ್ಪು, ಮೊಳಕೆ ಹೆಸರುಕಾಳು, ತಾಸಿಗೊಮ್ಮೆ ನೀರಿನ ಚೊಂಬು. ಬ್ಯಾಡಗಿಯಂಥ ಊರಿನಲ್ಲಿ, ಕೆಂಪು ಚಟ್ನಿಯಿಲ್ಲದೆ ತುತ್ತು ಇಳಿಯದ ಮನೆಯಲ್ಲಿ, ಚಟ್ನಿಯ ಭರಣಿ ಅಟ್ಟ ಏರಿತು. ಚನ್ನೇಶನಿಗೂ ಇಲ್ಲ. ಅವನು ಹೊರಗೆ ಬಜಿ ತಿಂದು ಬಂದರೆ ತಾಯಿ ವಾಸನೆಯಿಂದಲೇ ಹಿಡಿಯುತ್ತಿದ್ದಳು. ಮೂರನೇ ವಾರ ತೂಕ ಐವತ್ತಮೂರು ದಾಟಿತು. ರಕ್ತ ಹತ್ತರ ಹತ್ತಿರ ಬಂತು. ಹುಮಾ ಡಾಕ್ಟರು ಹೊಟ್ಟೆ ಅಳೆದು, ಹಾವೇರಿಗೆ ಹೋಗುವುದು ಬೇಡ ಅಂದಾಗ ನಾನು ಆಸ್ಪತ್ರೆಯ ಹೊರಗೆ ಬಂದು ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ನೋವು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಚನ್ನೇಶ ಹದಿನೈದು ದಿನದಿಂದ ಟಂಟಂ ಗಾಡಿಯನ್ನು ಸೋಡಾ ಹಾಕಿ ತೊಳೆದು ಕಾಯಿ ಹೇರದೆ ಇಟ್ಟಿದ್ದ, ಬರಿ ಜೋಳದ ಬಾಡಿಗೆ ಹಿಡಿಯುತ್ತಿದ್ದ. ಅದರಲ್ಲಿ ಹೊಸ ಗಾದಿ ಹಾಸಿ, ಹೆಂಡತಿಯನ್ನು ಎಡ ಮಗ್ಗುಲಾಗಿ ಮಲಗಿಸಿ, ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವಷ್ಟು ನಿಧಾನಕ್ಕೆ ಆಸ್ಪತ್ರೆಗೆ ತಂದ. ಮಧ್ಯಾಹ್ನ ಎರಡೂವರೆಗೆ ಸರಳ ಹೆರಿಗೆಯಾಯಿತು. ಹೆಣ್ಣು ಕೂಸು. ಎರಡು ಕಿಲೋ ಏಳುನೂರು. ಆ ಅಂಕಿ ಕೇಳಿ ಚೌಡವ್ವ ತಕ್ಕಡಿಗೇ ಕೈಮುಗಿದಳು. ನಾಗಲಕ್ಷ್ಮಿ ಕೂಸಿನ ರೆಪ್ಪೆಯ ಮೇಲೆ ಬೆರಳಾಡಿಸುತ್ತಿದ್ದಳು. ಐದು ವಾರದಿಂದ ಕಾಯಿ ಮುಟ್ಟದ ಬೆರಳು ಅವು.

ಬಾವು ಪೂರ್ತಿ ಇಳಿಯಲು ಇನ್ನೂ ಒಂದು ತಿಂಗಳು ಹಿಡಿಯಿತು. ಈಗ ನಾನು ಮನೆಮನೆಗೆ ಹೋದಾಗ, ಕಾರ್ಡಿನಲ್ಲಿರುವ ಪ್ರಶ್ನೆ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು ಇದೊಂದನ್ನು ಕೇಳುತ್ತೇನೆ: "ಸಂಡಾಸಕ್ಕ ಹೋಗೂವಾಗ ತ್ರಾಸ ಆಗ್ತೈತೇನವಾ?" ಕೆಲವರು ಛೀ ಅನ್ನುತ್ತಾರೆ. ಕೆಲವರ ಕಣ್ಣು ತುಂಬುತ್ತವೆ. ಅಂಥವರನ್ನು ನಾಗಲಕ್ಷ್ಮಿಯ ಮನೆಗೆ ಕಳಿಸುತ್ತೇನೆ. ಅವಳು ತನ್ನ ಕತೆ ಹೇಳಿ ಮೊದಲು ನಗಿಸುತ್ತಾಳೆ, ಆಮೇಲೆ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಬರುತ್ತಾಳೆ.

ಇನ್ನು ಖತೀಜಾಬಿಯ ಮಾತೊಂದು ಹೇಳುವುದು ಉಳಿಯಿತು. ಕೂಸು ಹುಟ್ಟಿದ ದಿನ ಅವಳು ಕೆಲಸ ಬಿಟ್ಟು ನೇರ ಆಸ್ಪತ್ರೆಗೆ ಬಂದಿದ್ದಳು. ನಾಗಲಕ್ಷ್ಮಿ ಕೂಸನ್ನು ಚಾಚಿದರೆ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡಳು. "ಬ್ಯಾಡ ಬೇಟಿ. ಕಾಯಿ ಕೈ," ಅಂತ ದೂರದಿಂದಲೇ ನೋಡಿ ಹೋದಳು.

ನಾಲ್ಕನೆಯ ದಿನ ನಾನು ಬಾಣಂತಿಯನ್ನು ನೋಡಲು ಮನೆಗೆ ಹೋದಾಗ ಖತೀಜಾಬಿ ಬಾಗಿಲಲ್ಲಿ ನಿಂತಿದ್ದಳು. ಗುಂಪಿನವರಿಗೆ ಜ್ವರ ಅಂತ ಹೇಳಿ ಮೂರು ದಿನ ಮಾರುಕಟ್ಟೆಗೆ ಹೋಗಿರಲಿಲ್ಲವಂತೆ. ಮೂರೂ ದಿನ ಹೊತ್ತು ಹೊತ್ತಿಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ, ಮಜ್ಜಿಗೆಯಲ್ಲಿ ಅದ್ದಿ ಕೈ ತೊಳೆದಿದ್ದಳು. ನಲವತ್ತು ವರ್ಷದಲ್ಲಿ ತನ್ನ ಮೂರು ಹೆರಿಗೆಗೂ ಅವಳು ಹೀಗೆ ರಜೆ ಹಾಕಿದವಳಲ್ಲ. "ನನ್ನ ಮಕ್ಕಳ್ನ ಹಿಂಗ ಹಿಡದು ನೋಡೇ ಇಲ್ಲ ಮೀನಾಕ್ಷಿ," ಅಂದಳು ನನಗೆ, ಮೆಲ್ಲಗೆ.

ಒಳಗೆ ಬಂದು ತೊಟ್ಟಿಲ ಮುಂದೆ ನಿಂತಳು. ಮೊದಲು ಎರಡೂ ಕೈ ಮೂಸಿ ನೋಡಿಕೊಂಡಳು. ಆಮೇಲೆ ತೋರುಬೆರಳನ್ನು ತನ್ನ ಕಣ್ಣಿನೊಳಗೇ ಇಟ್ಟು ತಿಕ್ಕಿಕೊಂಡಳು. ನಾನು, ನಾಗಲಕ್ಷ್ಮಿ, ಚೌಡವ್ವ ಮೂವರೂ ನೋಡುತ್ತಿದ್ದೆವು. ಕಣ್ಣು ಒಂದೆರಡು ಸಲ ಮಿಟುಕಿಸಿದಳು. ಉರಿಯಲಿಲ್ಲ. "ಕೊಡವಾ," ಅಂತ ಎರಡೂ ಕೈ ಚಾಚಿದಳು.